ಹನ್ನೆರಡನೇ ತಾರೀಖು

ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದೇನೆ.
ಇಪ್ಪತ್ತೊಂದು ಜನ, ಏಳು ದೇಶ. ಯಾರ ದೇಶ ಎಂದು ಹುಟ್ಟಿತೋ
ಅಂದು ಅವನು ಕೇಳಿದ್ದು ಬೇಯಬೇಕು. ಇದು ಅಡುಗೆಯವನ ಕಾನೂನು.
ಹಡಗಿನ ಕಾನೂನು ಬೇರೆ, ಅದು ಮಹಡಿಯಲ್ಲಿ
ಬತುಮಿಯವನಾದ ಕ್ಯಾಪ್ಟನ್ ಜುರಾಬನ ಮೇಜಿನ ಮೇಲಿದೆ.

ಡಿಸೆಂಬರಿನಲ್ಲಿ ಫಿನ್ಲೆಂಡಿನವನ ಸರದಿ. ಕಿಟಕಿಗೆ ಎರಡು ಮೇಣದ ಬತ್ತಿ.
ಹಡಗಿನಲ್ಲಿ ಬೆಂಕಿ ಕೂಡದು. ಎರಡು ಟಾರ್ಚು ಹಚ್ಚಿ
ದುಂಡು ಗಾಜಿಗೆ ಒರಗಿಸಿಟ್ಟ.
ನಡುಗಡಲಲ್ಲಿ ಯಾರು ನೋಡುತ್ತಾರೆ, ಎಂದೆ.
ನೋಡಲಿ ಅಂತಲ್ಲ, ಎಂದ. ಎಷ್ಟೋ ಹೊತ್ತಾದ ಮೇಲೆ,
"ನೋಡಿದರೆ, ಒಳಗೆ ಬರಬಹುದು ಅಂತ."

ಜನವರಿ ಒಂದಕ್ಕೆ ಹೈಟಿಯ ಡ್ಯೂಫೋರ್
ಬೆಳಗಿನ ಐದಕ್ಕೇ ಬಂದು ಕುಂಬಳಕಾಯಿ ಹೆಚ್ಚುತ್ತಾ ಕೂತ.
"ಬೆಳೆದವರು ನಾವು, ಬೇಯಿಸಿದವರು ನಾವು,
ಸಾರು ಕುಡಿದವರು ದೊರೆಗಳು. ಬಿಡುಗಡೆಯಾದ ದಿನ
ನಮ್ಮಜ್ಜಿಯ ಅಜ್ಜಿಯ ಅಜ್ಜಿ ಮೊದಲ ಬಟ್ಟಲು ಎತ್ತಿದಳು."
ಅಷ್ಟು ಹೇಳಿ, ಉಪ್ಪು ಸಾಲದು ಅಂತ ನನ್ನನ್ನು ಬೈದ.

ಮೇ ಹದಿನೇಳಕ್ಕೆ ನಾರ್ವೆಯ ಓಯ್ವಿಂದ್ ಕೊರಳಿಗೆ ಟೈ ಬಿಗಿದು
ಡೆಕ್ಕಿನ ಸುತ್ತ ಒಬ್ಬನೇ ಮೆರವಣಿಗೆ ಹೊರಟ.
ಅವರಲ್ಲಿ ಬೀದಿ ತುಂಬ ನಡೆಯುವುದು ಶಾಲೆಯ ಮಕ್ಕಳಂತೆ.
ನಾವು ಐದು ಜನ ಗಡ್ಡದ ಮಕ್ಕಳು ಹಿಂದೆ ಬಿದ್ದೆವು,
ಐಸ್‌ಕ್ರೀಮು ಕೊಡುವ ತನಕ ಬಿಡಲಿಲ್ಲ.

ನನ್ನದು ಜೂನ್ ಹನ್ನೆರಡು. ಅಂದು ನನಗೆ ಬೇಯಿಸಿದವರು ಯಾರು, ಕೇಳಬೇಡಿ.
ಮೊಟ್ಟೆ ಸೀದಿತ್ತು.

ಜುಲೈ ಹನ್ನೆರಡು ತೆವೇಯಾನದು. ಎಂಜಿನ್ನಿಗೆ ಎಣ್ಣೆ ಹಾಕುವವನು.
ಅವನ ನಾಡನ್ನು ಬರೆಯುವುದು ಕಿರಿಬಾಟಿ, ಅನ್ನುವುದು ಕಿರಿಬಾಸ್.
ನಕ್ಷೆಯಲ್ಲಿ ನೊಣ ಕೂತು ಹೋದಷ್ಟು ಗುರುತು.
ಅವನೂರಿನ ಅತಿ ಎತ್ತರದ ಜಾಗ
ನಮ್ಮ ಏಣಿಯ ಆರನೇ ಮೆಟ್ಟಿಲು.
ತಿಂಗಳಿನಿಂದ ದಿನ ಎಣಿಸುತ್ತಿದ್ದ, ಎಣ್ಣೆಗೈಯಲ್ಲಿ ಬೆರಳು ಮಡಿಸಿ.

ಹನ್ನೊಂದರ ಬೆಳಿಗ್ಗೆ ಎರಡನೇ ಮೇಟ್ ಚೀಟಿ ಹಚ್ಚಿದ:
ಇಂದು ರಾತ್ರಿ ದಿನದ ಗೆರೆ ದಾಟುತ್ತೇವೆ.
ನಾಳೆ ಹದಿಮೂರು.

ಚಿಲಿ ಬಿಟ್ಟು ಬುಸಾನಿಗೆ ಪಡುವಣದ ದಾರಿ ಹಿಡಿದವರು
ಒಂದು ದಿನ ಸುಂಕ ಕಟ್ಟಬೇಕು, ಗೊತ್ತಿತ್ತು.
ಯಾವ ದಿನ ಅಂತ ನೋಡಿರಲಿಲ್ಲ.

ಕ್ಯಾಪ್ಟನ್ನನ ಬಾಗಿಲು ತಟ್ಟಿದೆ. ಕೈ ಚೆಲ್ಲಿದ.
ತೆವೇಯಾ ಮಾತ್ರ ನಕ್ಕ:
"ಹಿಂದೆ ಈ ಗೆರೆ ನಮ್ಮ ದೇಶದ ಹೊಟ್ಟೆಯ ಮೇಲೇ ಹಾದಿತ್ತು.
ಈ ದ್ವೀಪದಲ್ಲಿ ಸೋಮವಾರ, ಆ ದ್ವೀಪದಲ್ಲಿ ಭಾನುವಾರ,
ಕಚೇರಿಗೆ ಕಚೇರಿ ಸಿಗುತ್ತಿರಲಿಲ್ಲ.
ಕೊನೆಗೆ ಗೆರೆಯನ್ನೇ ಎತ್ತಿ ಆಚೆಗಿಟ್ಟರು ನಮ್ಮವರು.
ಗೆರೆ ಅಂದರೆ ಅಷ್ಟೇ ಮಾರಾಯ, ಸುತ್ತಿಡುವ ಚಾಪೆ."
ನಕ್ಕವನು ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

ರಾತ್ರಿ ಹನ್ನೆರಡಕ್ಕೆ ಇನ್ನೊಂದು ನಿಮಿಷ.
ಮನೆಚಪ್ಪಲಿಯಲ್ಲೇ ಕ್ಯಾಪ್ಟನ್ ಊಟದ ಕೋಣೆಗೆ ಬಂದ.
ಕುರ್ಚಿ ಹತ್ತಿ ಗಡಿಯಾರ ಇಳಿಸಿ, ಬ್ಯಾಟರಿ ಬಿಚ್ಚಿ,
ಅಂಗಿಯ ಜೇಬಿಗೆ ಹಾಕಿಕೊಂಡು
ಏನೂ ಹೇಳದೆ ಕೂತ.

ಡ್ಯೂಫೋರ್ ಡಬ್ಬ ಬಡಿದ. ನಾನು ತೆಂಗಿನ ಹಾಲಿನ ಅನ್ನ ಇಳಿಸಿದೆ.
ಓಯ್ವಿಂದ್ ಟೈ ಹುಡುಕಿ ತಂದಿದ್ದ.
ತೆವೇಯಾ ತೋಳೆರಡನ್ನೂ ಚಾಚಿ
ಕಡಲಹಕ್ಕಿ ಗಾಳಿಯ ಮೇಲೆ ನಿಂತ ಹಾಗೆ ನಿಂತ.
ಕತ್ತು ಮಾತ್ರ ಸರಕ್ಕನೆ ಈ ಕಡೆ,
ಸರಕ್ಕನೆ ಆ ಕಡೆ.
ಕುಣಿಯುವಾಗ ನಗಬಾರದಂತೆ. ಅವನು ನಗಲಿಲ್ಲ.
ಕೆಳಗೆ ಎಂಜಿನ್ನು ತನ್ನ ಪಾಡಿಗೆ ತಾನು ನೀರು ತಳ್ಳುತ್ತಿತ್ತು.

ಎಷ್ಟು ಹೊತ್ತು? ಹೇಗೆ ಹೇಳಲಿ,
ಹೊತ್ತು ಕ್ಯಾಪ್ಟನ್ನನ ಜೇಬಿನಲ್ಲಿತ್ತು.

ಹಡಗಿನ ದಿನಚರಿಯಲ್ಲಿ ಹನ್ನೊಂದರ ಕೆಳಗೆ ಹದಿಮೂರು.
ಗಾಳಿ ಇಂತಿಷ್ಟು, ಅಲೆ ಇಂತಿಷ್ಟು, ವಿಶೇಷವಿಲ್ಲ.
ನನ್ನ ದಿನಸಿ ಪುಸ್ತಕದಲ್ಲಿ ಮಾತ್ರ ಬರೆದಿದ್ದೇನೆ:
ಜುಲೈ ೧೨. ತೆಂಗಿನ ಹಾಲು, ಆರು ಡಬ್ಬಿ. ಅಕ್ಕಿ, ನಾಲ್ಕು ಕಿಲೋ.
ಬುಸಾನಿನಲ್ಲಿ ಲೆಕ್ಕದವನು ಹುಬ್ಬೇರಿಸಿದರೆ
ಖಾಲಿ ಡಬ್ಬಿ ಎಣಿಸಿಕೋ, ಎನ್ನುತ್ತೇನೆ.